ಎಪ್ಪಿಂಗ್ ದಾರಿಯ ಚಳಿ

ಆ ವರ್ಷ ನನ್ನ ಗಂಡ ತಣ್ಣಗಿರುವ ಯಾವುದನ್ನೂ ಮುಟ್ಟುವಂತಿರಲಿಲ್ಲ. ಕರುಳಿನ ಕ್ಯಾನ್ಸರಿಗೆಂದು ಹದಿನೈದು ದಿನಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಿದ್ದ ಔಷಧಿಗಳ ಪೈಕಿ ಒಂದರ ಗುಣ ಅದು. ಫ್ರಿಜ್ಜಿನಿಂದ ತೆಗೆದ ಹಾಲಿನ ಕ್ಯಾನ್ ಹಿಡಿದರೆ ಬೆರಳ ತುದಿಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು. ನಲ್ಲಿಯ ನೀರು ಕುಡಿದರೆ ಗಂಟಲು ಬಿಗಿದುಕೊಂಡು, ಉಸಿರೇ ನಿಂತುಹೋದವರಂತೆ ಕಣ್ಣು ಬಿಡುತ್ತಿದ್ದರು. ಉಸಿರು ನಿಜಕ್ಕೂ ನಿಲ್ಲುವುದಿಲ್ಲ, ಹಾಗೆ ಅನ್ನಿಸುತ್ತದೆ ಅಷ್ಟೇ, ಹೆದರಬೇಡಿ ಎಂದು ಆಸ್ಪತ್ರೆಯ ನರ್ಸ್ ಮೊದಲೇ ಹೇಳಿದ್ದಳು. ಮೊದಮೊದಲು ಡ್ರಿಪ್ ಆದ ಮೇಲೆ ನಾಲ್ಕೈದು ದಿನ ಇದ್ದು ಹೋಗುತ್ತಿತ್ತು. ಬರುಬರುತ್ತಾ ಮುಂದಿನ ಸುತ್ತು ಬಂದರೂ ಬಿಟ್ಟುಹೋಗುತ್ತಿರಲಿಲ್ಲ.

ಮೆಲ್ಬರ್ನ್ ಅಂಚಿನ ವೆರಿಬೀಯ ನಮ್ಮ ಮನೆಯೊಳಗೆ ಇದನ್ನು ಹೇಗೋ ಸಂಭಾಳಿಸಿದೆವು. ಹೀಟಿಂಗ್ ಆರಿಸುತ್ತಲೇ ಇರಲಿಲ್ಲ. ಬಾಗಿಲ ಹಿಡಿಗಳಿಗೆಲ್ಲ ಹಳೆಯ ಕಾಲುಚೀಲ ತೊಡಿಸಿದೆ. ಸ್ಟೀಲ್ ತಟ್ಟೆ ಲೋಟಗಳನ್ನು ಮೇಲೆ ಎತ್ತಿಟ್ಟು ಮರದ ಚಮಚ, ಪ್ಲಾಸ್ಟಿಕ್ ಬಟ್ಟಲು ತಂದೆ. ಅವರು ಬಳ್ಳಾರಿಯವರು. ಬಿಸಿಲಲ್ಲಿ ಹುಟ್ಟಿ ಬೆಳೆದವನಿಗೆ ಚಳಿ ಆಗಿಬರುವುದಿಲ್ಲ ಎಂದು ನೆಂಟರು ಫೋನಿನಲ್ಲಿ ಹೇಳುತ್ತಿದ್ದರು. ಇದು ಆ ಚಳಿಯಲ್ಲ ಎಂದು ಹೇಳಿ ಹೇಳಿ ನನಗೆ ಬೇಸತ್ತುಹೋಯಿತು.

ಮೇ ತಿಂಗಳ ಮೊದಲಲ್ಲಿ ಸಿಡ್ನಿಯಲ್ಲಿದ್ದ ಮಗಳಿಗೆ ಹೆರಿಗೆಯಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಗಂಡುಮಗು. ಶ್ವಾಸಕೋಶ ಇನ್ನೂ ಬಲಿತಿರಲಿಲ್ಲ, ಕೆಲವು ವಾರ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಆಮೇಲೆ ಎಪ್ಪಿಂಗ್‌ನ ಅವಳ ಅಪಾರ್ಟ್‌ಮೆಂಟಿಗೆ ಕಳಿಸಿದರಾದರೂ ಆಗಸ್ಟ್ ಕಳೆದು ಚಳಿಗಾಲ ಮುಗಿಯುವವರೆಗೆ ಎಲ್ಲೂ ಕರೆದೊಯ್ಯಬೇಡಿ ಎಂದಿದ್ದರು. ಅವಳು ಬರುವ ಹಾಗಿಲ್ಲ. ಇವರು ವಿಮಾನ ಹತ್ತುವ ಹಾಗಿಲ್ಲ. ಆಪರೇಷನ್ ಮಾಡಿ, ಮಲ ಹೊರಬರಲು ಹೊಟ್ಟೆಯ ಪಕ್ಕದಲ್ಲಿ ಚೀಲ ಇಟ್ಟಿದ್ದರು. ಅದು ಯಾವಾಗ ತುಂಬುತ್ತದೋ ಹೇಳಲಾಗುತ್ತಿರಲಿಲ್ಲ. ಜನರ ನಡುವೆ ಅದೊಂದು ನಾಚಿಕೆ, ಜೊತೆಗೆ ಸೋಂಕಿನ ಭಯ. ಮಗುವನ್ನು ನೋಡಬೇಕೆಂದರೆ ನಮಗಿದ್ದ ದಾರಿ ಒಂದೇ, ಮನೆಯ ಪಕ್ಕದಲ್ಲಿ ನಿಂತಿದ್ದ ಮೋಟರ್‌ಹೋಮ್.

ಅದನ್ನು ಅವರು ಕಾಯಿಲೆಗೆ ಮುಂಚೆ, ಕೆಲಸ ಬಿಟ್ಟ ಮೇಲೆ ಇಬ್ಬರೂ ದೇಶ ಸುತ್ತೋಣ ಎಂದು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಮುಂದೆ ಲಾರಿಯಂಥ ಕ್ಯಾಬಿನ್, ಹಿಂದೆ ಒಂದು ಸಣ್ಣ ಕೋಣೆ. ಅದರಲ್ಲಿ ಮಂಚ, ಎರಡು ಬರ್ನರಿನ ಗ್ಯಾಸ್ ಒಲೆ, ಬಾಗಿ ಕೂರಬೇಕಾದಂಥ ಟಾಯ್ಲೆಟ್. ನಾವು ಅದರಲ್ಲಿ ಒಂದೇ ಒಂದು ಸಲ ಹೋಗಿದ್ದೆವು, ಅದೂ ಬೇಸಿಗೆಯಲ್ಲಿ, ಸಮುದ್ರದ ದಂಡೆಗೆ. ಯಾವಾಗಲೂ ಓಡಿಸುತ್ತಿದ್ದವರು ಅವರೇ. ಈಗ ಬೆರಳು ಜೋಮು ಹಿಡಿದು ಅವರಿಗೆ ಸ್ಟಿಯರಿಂಗ್ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಹತ್ತಿರದ ಪಾಯಿಂಟ್ ಕುಕ್‌ನ ಖಾಲಿ ರಸ್ತೆಗಳಲ್ಲಿ ಎರಡು ಭಾನುವಾರ ನಾನು ಅದನ್ನು ಓಡಿಸಿ ಕಲಿತೆ. ಪಕ್ಕದಲ್ಲಿ ಕೈಗವಸು ಹಾಕಿಕೊಂಡು ಕೂತಿದ್ದ ಅವರು ಒಂದು ಮಾತೂ ಆಡಲಿಲ್ಲ. ಮೂವತ್ತು ವರ್ಷ ನನ್ನ ಡ್ರೈವಿಂಗ್‌ನಲ್ಲಿ ಹುಳುಕು ಹುಡುಕಿದ ಮನುಷ್ಯ ಸುಮ್ಮನೆ ಕೂತದ್ದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಮೊದಲ ಪ್ರಯಾಣ ಜೂನ್ ನಡುವಿನಲ್ಲಿ. ಡಾಕ್ಟರು ಒಂದು ಸುತ್ತನ್ನು ವಾರ ಮುಂದಕ್ಕೆ ಹಾಕಿದ್ದರು, ಆ ಬಿಡುವಿನಲ್ಲಿ ಹೊರಟೆವು. ಸಿಡ್ನಿಗೆ ಒಂದೇ ದಿನದಲ್ಲಿ ಹೋಗುವವರಿದ್ದಾರೆ. ನಾವು ದಾರಿಯ ಊರುಗಳಾದ ಆಲ್ಬರಿಯಲ್ಲಿ ಒಮ್ಮೆ, ಗೋಲ್ಬರ್ನ್‌ನಲ್ಲಿ ಒಮ್ಮೆ ಇಂಥ ಗಾಡಿಗಳು ರಾತ್ರಿ ನಿಲ್ಲುವ ಕ್ಯಾರವಾನ್ ಪಾರ್ಕುಗಳಲ್ಲಿ ತಂಗಿ, ಮೂರನೆಯ ದಿನ ತಲುಪುವುದು ಎಂದುಕೊಂಡೆವು. ಸೀಟಿನ ಕೆಳಗೆ ಡೀಸೆಲ್ ಹೀಟರ್ ಇತ್ತು. ಅದು ಗಾಡಿಯ ಟ್ಯಾಂಕಿನಿಂದಲೇ ಡೀಸೆಲ್ ಎಳೆದುಕೊಂಡು ಬಿಸಿಗಾಳಿ ಊದುತ್ತದೆ. ಅದೊಂದಿದ್ದರೆ ಸಾಕು ಎಂದು ನಂಬಿದ್ದೆ.

ಸಾಲಲಿಲ್ಲ. ಆಲ್ಬರಿಯ ಮೊದಲ ಬೆಳಿಗ್ಗೆ ಎದ್ದಾಗ ಗಾಡಿಯ ಮೇಲ್ಭಾಗ ಬೆಚ್ಚಗೆ, ಮೊಣಕಾಲಿನಿಂದ ಕೆಳಗೆ ಮಂಜುಗಡ್ಡೆ. ಮುಂದಿನ ದೊಡ್ಡ ಗಾಜಿನಿಂದ ಶೀತ ನೀರಿನಂತೆ ಇಳಿದು ನೆಲದಲ್ಲಿ ಹರಡಿಕೊಂಡಿತ್ತು. ನಮ್ಮಿಬ್ಬರ ಉಸಿರೇ ಕಿಟಕಿಗಳ ಮೇಲೆ ಹನಿಯಾಗಿ ಇಳಿದು ಹಾಸಿಗೆಯ ಅಂಚನ್ನು ತೋಯಿಸಿತ್ತು. ಒದ್ದೆ ಹೊದಿಕೆ ಕಾಲಿಗೆ ತಗುಲಿ ಅವರು ಕೂಗಿದ್ದು ಕೇಳಿ ನನಗೆ ಎಚ್ಚರವಾಯಿತು. ಬೆಂಕಿ ಮುಟ್ಟಿದವರ ಕೂಗು ಅದು.

ಮೆಲ್ಬರ್ನಿಗೆ ಮರಳಿದ ಮೇಲೆ ನಾನು ಆ ಗಾಡಿಯ ಹಿಂದೆ ಬಿದ್ದೆ. ಮುಂದಿನ ಗಾಜಿಗೆ, ಕಿಟಕಿಗಳಿಗೆ ಅಳತೆ ಮಾಡಿ ಬೆಳ್ಳಿಬಣ್ಣದ ದಪ್ಪ ಫಾಯಿಲ್ ಹಾಳೆ ಕತ್ತರಿಸಿದೆ. ಕ್ಯಾಬಿನ್ನಿಗೂ ಹಿಂದಿನ ಕೋಣೆಗೂ ನಡುವೆ ದಪ್ಪ ರಜಾಯಿಯನ್ನು ಪರದೆ ಮಾಡಿ ಕಟ್ಟಿದೆ. ನೆಲಕ್ಕೆ ಮಕ್ಕಳ ಆಟದ ಫೋಮ್ ಚಾಪೆ, ಅದರ ಮೇಲೆ ಹಳೆಯ ಜಮಖಾನ. ಹಾಸಿಗೆಯ ಕೆಳಗೆ ಗಾಳಿ ಆಡಲೆಂದು ತೂತಿನ ಮ್ಯಾಟ್. ಪಾರ್ಕುಗಳಲ್ಲಿ ಕರೆಂಟ್ ಇರುವ ಜಾಗವನ್ನೇ ಬುಕ್ ಮಾಡಿ, ಜೊತೆಗೊಂದು ಸಣ್ಣ ಎಲೆಕ್ಟ್ರಿಕ್ ಹೀಟರ್ ಇಟ್ಟುಕೊಂಡೆ. ಬಿಸಿನೀರಿನ ರಬ್ಬರ್ ಚೀಲಗಳನ್ನು ಬಟ್ಟೆಯ ಕವರ್ ಹೊಲಿದು ಸಿದ್ಧಮಾಡಿದೆ. ಎಲ್ಲಕ್ಕಿಂತ ಕಷ್ಟದ್ದು ಚಾವಣಿಯ ಕಿಂಡಿ. ಅದನ್ನು ಸ್ವಲ್ಪವಾದರೂ ತೆರೆದಿಡಲೇಬೇಕು, ಇಲ್ಲದಿದ್ದರೆ ಉಸಿರಿನ ತೇವ ಹೊರಗೆ ಹೋಗುವುದಿಲ್ಲ. ನಾನು ತೆರೆಯುವುದು, ಅವರು ಕೋಲಿನಿಂದ ಮುಚ್ಚುವುದು. ಅದೇ ನಮ್ಮ ಜಗಳವಾಯಿತು. ಬೇರೆ ಯಾವುದರ ಬಗ್ಗೆಯೂ ನಾವು ಜಗಳವಾಡುತ್ತಿರಲಿಲ್ಲ. ಕಾಯಿಲೆಯ ಬಗ್ಗೆಯಂತೂ ಮಾತೇ ಇಲ್ಲ.

ಮಗುವನ್ನು ಅವರು ಎತ್ತಿಕೊಳ್ಳಲಿಲ್ಲ. ಮೊದಲ ಸಲ ಹೋದಾಗ ಮಗಳು ಅಪ್ಪನ ಕೈಗೆ ಕೊಡಲು ಬಂದಳು. ಇವರು ಎರಡೂ ಕೈ ಹಿಂದಕ್ಕೆಳೆದುಕೊಂಡರು. ಬೆರಳಿಗೆ ಏನು ಹಿಡಿದಿದ್ದೇನೆಂದೇ ತಿಳಿಯುತ್ತಿರಲಿಲ್ಲ, ಬಿಟ್ಟುಬಿಟ್ಟರೆ ಎಂಬ ಹೆದರಿಕೆ. ಕೊನೆಗೆ ತೊಡೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಮಗುವನ್ನು ಮಲಗಿಸಿದೆವು. ಅವರು ಬಗ್ಗಿ ಅದರ ತಲೆಯ ಹತ್ತಿರ ಮುಖ ತಂದು ಬಹಳ ಹೊತ್ತು ಹಾಗೇ ಇದ್ದರು. ಬೆಚ್ಚಗಿದೆ ಎಂದಷ್ಟೇ ಹೇಳಿದರು.

ಎರಡನೆಯ ಪ್ರಯಾಣದಲ್ಲಿ, ಜುಲೈ ಮೊದಲಲ್ಲಿ, ಆಲ್ಬರಿಯಲ್ಲಿ ಒಂದು ಘಟನೆ ನಡೆಯಿತು. ಸಂಜೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಹೀಟರ್ ಹಾಕಿ, ಅವರನ್ನು ಹೊದಿಸಿ ಕೂರಿಸಿ, ನಾನು ಪಾರ್ಕಿನ ಸ್ನಾನದ ಮನೆಗೆ ಹೋಗಿದ್ದೆ. ತಲೆ ಒರೆಸಿಕೊಂಡು ಹಿಂತಿರುಗುವಾಗ ದೂರದಿಂದಲೇ ನಮ್ಮ ಗಾಡಿಯೊಳಗಿನ ಅಲಾರಂ ಚೀರುವುದು ಕೇಳಿಸಿತು. ಬೆಂಕಿಯಿಂದ ಹುಟ್ಟುವ, ಬಣ್ಣವಾಸನೆಯಿಲ್ಲದ ವಿಷದ ಗಾಳಿ ಒಳಗೆ ತುಂಬಿಕೊಂಡರೆ ಎಚ್ಚರಿಸುವ ಅಲಾರಂ. ಗ್ಯಾಸ್ ಒಲೆಯನ್ನು ಅಡುಗೆಗೆ ಬಿಟ್ಟು ಕೋಣೆ ಕಾಯಿಸಲು ಎಂದೂ ಉರಿಸಬಾರದು, ಮುಚ್ಚಿದ ಗಾಡಿಯಲ್ಲಿ ಜನ ನಿದ್ದೆಯಲ್ಲೇ ಸಾಯುತ್ತಾರೆ ಎಂದು ನನಗೆ ಹೇಳಿಕೊಟ್ಟವರೇ ಅವರು. ಆ ಅಲಾರಂ ಗೋಡೆಗೆ ಹಾಕಿದವರೂ ಅವರೇ.

ಓಡಿ ಬಾಗಿಲು ತೆಗೆದೆ. ಎರಡೂ ಬರ್ನರ್ ದೊಡ್ಡದಾಗಿ ಉರಿಯುತ್ತಿದ್ದವು. ಚಾವಣಿಯ ಕಿಂಡಿ ಮುಚ್ಚಿತ್ತು. ಅವರು ಒಲೆಯ ಮುಂದೆ ಸ್ಟೂಲಿನ ಮೇಲೆ ಕೂತು, ಕೈಗವಸು ತೆಗೆದು, ಉರಿಯ ಮೇಲೆ ಅಂಗೈ ಹಿಡಿದುಕೊಂಡಿದ್ದರು. ತಲೆಯ ಮೇಲೆಯೇ ಅಷ್ಟು ಕರ್ಕಶವಾಗಿ ಕೂಗುತ್ತಿದ್ದರೂ ತಿರುಗಿ ನೋಡುತ್ತಿರಲಿಲ್ಲ. ನಾನು ಒಲೆ ಆರಿಸಿ, ಕಿಂಡಿ, ಕಿಟಕಿ ಎಲ್ಲ ತೆರೆದೆ. ಹೊರಗಿನ ಗಾಳಿ ನುಗ್ಗಿದ್ದೇ ತಡ ಅವರ ಗಂಟಲು ಕಟ್ಟಿತು. ಕುತ್ತಿಗೆ ಹಿಡಿದುಕೊಂಡು ಬಗ್ಗಿದರು. ತೆರೆದರೆ ಹೀಗೆ, ಮುಚ್ಚಿದರೆ ಹಾಗೆ. ನನ್ನ ಶಾಲನ್ನು ಅವರ ಬಾಯಿ ಮೂಗಿಗೆ ಸುತ್ತಿ, ಬೆಚ್ಚಗೆ ಉಸಿರಾಡಿ, ನಿಧಾನಕ್ಕೆ ಉಸಿರಾಡಿ ಎಂದು ಬೆನ್ನು ತಿಕ್ಕುತ್ತಾ ಕೂತೆ. ಅಲಾರಂ ತಾನಾಗಿ ನಿಂತಿತು. ಪಕ್ಕದ ಕ್ಯಾರವಾನಿನ ಹೆಂಗಸು ಬಂದು ಎಲ್ಲ ಸರಿಯಿದೆಯೇ ಎಂದು ಕೇಳಿದಳು. ಸರಿಯಿದೆ, ಅಡುಗೆ ಮಾಡುತ್ತಿದ್ದೆವು ಎಂದೆ.

ಅವರ ಉಸಿರು ಹದಕ್ಕೆ ಬಂದ ಮೇಲೆ ಕೇಳಿದೆ.

"ಬೇಕು ಅಂತಲೇ ಹಾಗ್ ಮಾಡಿದ್ರಾ?"

"ಚಳಿ ಆಗ್ತಿತ್ತು," ಎಂದರು.

"ಹೀಟರ್ ಉರೀತಿತ್ತಲ್ಲ."

ಅವರು ಕೈಗವಸು ಹುಡುಕಿ ಹಾಕಿಕೊಂಡರು. ನಾನು ಮತ್ತೆ ಕೇಳಲಿಲ್ಲ. ಆದರೆ ಅಂದಿನಿಂದ ನಾನು ಗಾಡಿಯಿಂದ ಇಳಿಯುವಾಗಲೆಲ್ಲ ಹೊರಗಿನ ಪೆಟ್ಟಿಗೆಯಲ್ಲಿದ್ದ ಗ್ಯಾಸ್ ಸಿಲಿಂಡರಿನ ವಾಲ್ವ್ ತಿರುಗಿಸಿ ಮುಚ್ಚಿಯೇ ಹೋಗುತ್ತಿದ್ದೆ. ಅವರು ಅದನ್ನು ಗಮನಿಸಿದರು. ಗಮನಿಸಿದ್ದು ನನಗೂ ತಿಳಿಯಿತು. ಎಪ್ಪಿಂಗ್‌ನಲ್ಲಿ ಮಗಳು ಪ್ರಯಾಣ ಹೇಗಿತ್ತು ಎಂದು ಕೇಳಿದಾಗ ಇಬ್ಬರೂ ಒಟ್ಟಿಗೆ, ಚೆನ್ನಾಗಿತ್ತು ಎಂದೆವು.

ಮೂರನೆಯ ಸಲ ಹೊರಡುವ ಹೊತ್ತಿಗೆ ಆಗಸ್ಟ್ ಬಂದಿತ್ತು. ಅದಕ್ಕೆ ಮೊದಲು ತೆಗೆದ ಸ್ಕ್ಯಾನ್‌ನಲ್ಲಿ ಲಿವರಿಗೂ ಹಬ್ಬಿದ್ದ ಕ್ಯಾನ್ಸರಿನ ಕಲೆಗಳು ದೊಡ್ಡದಾಗಿದ್ದವು. ಇನ್ನೂ ಕೆಲವು ಸುತ್ತು ನೋಡೋಣ, ಬೇರೆ ಔಷಧಿಯೂ ಇದೆ ಎಂದಿದ್ದರು ಡಾಕ್ಟರು. ವಾಸಿಯಾಗುತ್ತದೆ ಎಂದು ಅವರು ಯಾವತ್ತೂ ಹೇಳಿದವರಲ್ಲ. ನಾವೇ ಹಾಗೆ ಕೇಳಿಸಿಕೊಂಡಿದ್ದೆವು.

ಗೋಲ್ಬರ್ನ್ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಆ ಊರು ಎತ್ತರದಲ್ಲಿದೆ, ಚಳಿಗಾಲದ ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಗಾಡಿ ನಿಲ್ಲಿಸಿ ಡೀಸೆಲ್ ಹೀಟರ್ ಹಾಕಿದರೆ ಎರಡು ಸಲ ಟಿಕ್ ಟಿಕ್ ಎಂದು, ಹೊಗೆ ಕಾರಿ, ನಿಂತುಹೋಯಿತು. ಮತ್ತೆ ಹಾಕಿದೆ, ಮತ್ತೆ ಅದೇ. ಎಲೆಕ್ಟ್ರಿಕ್ ಹೀಟರ್ ಹಾಕಿದೆ. ಅದರ ಜೊತೆಗೆ ನೀರು ಕಾಯಿಸಲು ಕೆಟಲ್ ಹಾಕಿದ್ದೇ ಕರೆಂಟ್ ಹೋಯಿತು. ಆಫೀಸಿಗೆ ಓಡಿದರೆ, ನಮ್ಮ ಸಾಲಿನ ಮೀಟರ್ ಪೆಟ್ಟಿಗೆಯಲ್ಲೇ ಏನೋ ಸುಟ್ಟಿದೆ, ಎಲೆಕ್ಟ್ರಿಷಿಯನ್ ಬರಬೇಕು, ಒಂದೆರಡು ತಾಸು ಆಗಬಹುದು ಎಂದಳು ಅಲ್ಲಿದ್ದ ಹೆಂಗಸು. ಪಾರ್ಕಿನವರು ಬಾಡಿಗೆಗೆ ಕೊಡುವ ಪುಟ್ಟ ಮನೆಗಳಲ್ಲಿ ಒಂದೂ ಖಾಲಿ ಇರಲಿಲ್ಲ. ನನ್ನ ಮುಖ ನೋಡಿ ಅವಳೇ ಹೇಳಿದಳು, ಲಾಂಡ್ರಿಗೆ ಹೋಗಿ ಕೂತಿರಿ, ಇಡೀ ಪಾರ್ಕಿನಲ್ಲಿ ಅದೇ ಬೆಚ್ಚನೆಯ ಜಾಗ ಎಂದು.

ಲಾಂಡ್ರಿ ಎಂದರೆ ಸಿಮೆಂಟ್ ಇಟ್ಟಿಗೆಯ ಸಣ್ಣ ಕೋಣೆ. ಒಂದು ಗೋಡೆಗೆ ಬಟ್ಟೆ ಒಗೆಯುವ ಮೆಷಿನ್‌ಗಳು, ಎದುರಿನ ಗೋಡೆಗೆ ಒಣಗಿಸುವ ಡ್ರೈಯರ್‌ಗಳು. ಯಾರೋ ಬಟ್ಟೆ ಹಾಕಿ ಹೋಗಿದ್ದರು, ಒಂದು ಡ್ರೈಯರ್ ತಿರುಗುತ್ತಿತ್ತು. ಉಳಿದವುಗಳಿಗೆ ನಾನು ನಮ್ಮ ಹೊದಿಕೆ, ಹಾಸು, ಅವರ ಸ್ವೆಟರ್‌ಗಳನ್ನೆಲ್ಲ ತಂದು ತುಂಬಿ ಚಾಲೂ ಮಾಡಿದೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಡ್ರೈಯರ್‌ಗಳ ಮುಂದೆ ಎಳೆದು ಇಬ್ಬರೂ ಕೂತೆವು. ಒಂದು ಹೊದಿಕೆ ಬಿಸಿಯಾದರೆ ತೆಗೆದು ಅವರಿಗೆ ಸುತ್ತುವುದು, ತಣ್ಣಗಾದದ್ದನ್ನು ಮತ್ತೆ ಒಳಗೆ ಹಾಕುವುದು. ಫ್ಲಾಸ್ಕಿನಲ್ಲಿದ್ದ ತಿಳಿಸಾರು ಬಗ್ಗಿಸಿ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲೇ ಕೋಣೆ ಸೋಪಿನ ವಾಸನೆಯ ಆವಿಯಿಂದ ತುಂಬಿತು. ಅವರು ಮಂಕಿಟೋಪಿ ತೆಗೆದರು. ಆಮೇಲೆ ಕೈಗವಸು ತೆಗೆದರು. ಕೂದಲು ಉದುರಿ ತೆಳ್ಳಗಾದ ನೆತ್ತಿ ಬೆವರಿತ್ತು. ಎಷ್ಟೋ ವಾರಗಳಾಗಿತ್ತು ಅವರು ಬೆವರಿದ್ದು ನೋಡಿ.

ನಾನು ಮುಂದಿನದನ್ನೆಲ್ಲ ಹೇಳುತ್ತಾ ಹೋದೆ. ಸಿಡ್ನಿಯಲ್ಲಿ ಹೀಟರ್ ರಿಪೇರಿ ಮಾಡಿಸುತ್ತೇನೆ, ಅದನ್ನು ಹೊತ್ತಿಸುವ ಬ್ಯಾಟರಿ ಬದಲಾಯಿಸುತ್ತೇನೆ, ಮುಂದಿನ ಸಲ ಬರುವಾಗ ಗೋಡೆಗಳಿಗೂ ಒಳಗಿನಿಂದ ಫೋಮ್ ಅಂಟಿಸುತ್ತೇನೆ. ಅವರು ಡ್ರೈಯರಿನ ಗಾಜಿನೊಳಗೆ ತಿರುಗುತ್ತಿದ್ದ ಬಟ್ಟೆಗಳನ್ನು ನೋಡುತ್ತಿದ್ದರು.

"ನೋಡಿಲ್ಲಿ," ಎಂದರು. "ನಂಗ ಇನ್ನ ಆ ಡ್ರಿಪ್ ಬ್ಯಾಡ."

ಇಷ್ಟು ವರ್ಷ ಮೆಲ್ಬರ್ನಿನಲ್ಲಿದ್ದು ಅವರ ಮಾತಿನಲ್ಲಿ ಬಳ್ಳಾರಿ ಬಹುಪಾಲು ಅಳಿಸಿಹೋಗಿತ್ತು. ಕಾಯಿಲೆ ಬಿದ್ದ ಮೇಲೆ ಸ್ವಲ್ಪಸ್ವಲ್ಪವಾಗಿ ವಾಪಸ್ ಬರುತ್ತಿತ್ತು.

ನಾನು ಸುತ್ತಿ ಹಿಡಿದಿದ್ದ ಹೊದಿಕೆ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಡಾಕ್ಟರು ಬೇರೆ ಔಷಧಿ ಇದೆ ಎಂದಿದ್ದಾರೆ, ಈ ಚಳಿಯ ಔಷಧಿಯೊಂದನ್ನೇ ಬಿಟ್ಟು ಉಳಿದದ್ದು ಕೊಡುವಂತೆ ಕೇಳಬಹುದು ಎಂದೆ. ಅವರು ಅದನ್ನೆಲ್ಲ ಮೊದಲೇ ಯೋಚಿಸಿದ್ದರು. ಅದರಿಂದ ಎಷ್ಟು ತಿಂಗಳು ಸಿಕ್ಕೀತು ಎಂದು ನಾನಿಲ್ಲದಾಗ ಡಾಕ್ಟರನ್ನು ಕೇಳಿಯೂ ಇದ್ದರಂತೆ. ಬಂದ ಉತ್ತರವನ್ನು ನನಗೆ ಹೇಳಿರಲಿಲ್ಲ. ಅಲ್ಲಿ ಹೇಳಿದರು. ಅದು ಬಹಳ ಕಡಿಮೆ.

ಆಗ ನನಗೆ ಸಿಟ್ಟು ಬಂತು. ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಇಷ್ಟು ದಿನ ನಾನು ಕಿಟಕಿಗೆ ಫಾಯಿಲ್ ಅಂಟಿಸಿದ್ದು, ನೆಲಕ್ಕೆ ಚಾಪೆ ಹಾಸಿದ್ದು, ಅವರ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟದ್ದು ಎಲ್ಲ ಯಾವುದಕ್ಕೆ? ಕೇಳಿಯೇ ಬಿಟ್ಟೆ.

"ಆಲ್ಬರಿಲಿ ಒಲೆ ಹಚ್ಚಿದ್ದು ಇದಕ್ಕೇನಾ? ಸಾಯೋಕಾ?"

ಅವರು ನನ್ನ ಕಡೆ ತಿರುಗಿದರು.

"ಸಾಯಬೇಕು ಅಂತ ಹಚ್ಚಿಲ್ಲ. ಖರೇನ ಚಳಿ ಆಗಿತ್ತು. ಆಮ್ಯಾಲೆ ಆ ಅಲಾರಂ ಒದರಾಕ ಹತ್ತಿತು. ಏಳಬೇಕು ಅಂತ ಗೊತ್ತಿತ್ತು. ಏಳಾಕ ಮನಸಾಗಲಿಲ್ಲ. ಅಷ್ಟ." ಹೊದಿಕೆಯ ಅಂಚು ಸರಿಮಾಡಿಕೊಂಡು, "ಆ ಮನಸು ಕಂಡು ನಂಗ ಹೆದರಿಕಿ ಆತು. ಅದಕ್ಕ ಹೇಳಾಕತ್ತೀನಿ," ಎಂದರು.

ಅಷ್ಟರಲ್ಲಿ ಬಟ್ಟೆ ಹಾಕಿದ್ದವನು ತೆಗೆದುಕೊಂಡು ಹೋಗಲು ಬಂದ. ಲಾರಿ ಡ್ರೈವರ್ ಇರಬೇಕು, ಹಳದಿ ಕೋಟು ತೊಟ್ಟಿದ್ದ. ನಮ್ಮನ್ನು ನೋಡಿ, ಹೊರಗೆ ವಿಪರೀತ ಚಳಿ ಅಲ್ಲವೇ ಎಂದ. ಹೌದು ಎಂದೆವು. ಅವನು ಬಟ್ಟೆಗಳನ್ನು ನಿಧಾನವಾಗಿ ಒಂದೊಂದೇ ಮಡಿಸಿ, ಬುಟ್ಟಿಗೆ ಹಾಕಿಕೊಂಡು ಹೋಗುವವರೆಗೆ ನಾವು ತಿರುಗುವ ಹೊದಿಕೆಗಳನ್ನು ನೋಡುತ್ತಾ ಕೂತಿದ್ದೆವು. ಅವನು ಹೋದ ಮೇಲೆ ಅವರ ಕೈ ಹಿಡಿದುಕೊಂಡೆ. ಬಿಸಿಯಾಗಿತ್ತು. ಸರಿ ಎಂದೆ. ಒಪ್ಪಿಗೆಯಾಗಿ ಹೇಳಿದೆನೋ, ಬೇರೇನು ಹೇಳಬೇಕೆಂದು ತೋಚದೆ ಹೇಳಿದೆನೋ ನನಗೇ ತಿಳಿಯದು. ಅವರು ಅದನ್ನು ಒಪ್ಪಿಗೆ ಎಂದೇ ತೆಗೆದುಕೊಂಡರು.

ಕರೆಂಟ್ ಬರುವಾಗ ಊಟದ ಹೊತ್ತು ಮೀರಿತ್ತು. ಬಿಸಿಯಾಗಿದ್ದ ಹೊದಿಕೆಗಳನ್ನೆಲ್ಲ ಎದೆಗವಚಿಕೊಂಡು ಗಾಡಿಗೆ ಓಡಿದೆ.

ಮರುದಿನ ಎಪ್ಪಿಂಗ್‌ನಲ್ಲಿ ಅವರೇ ಮಗಳಿಗೆ ಹೇಳಿದರು. ಅಳಿಯ ಕೆಲಸಕ್ಕೆ ಹೋಗಿದ್ದ. ಮಗಳು ಮಗುವಿಗೆ ಹಾಲು ಕುಡಿಸಿ ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ತಟ್ಟುವ ಕೈ ನಿಂತಿತು. ಅವಳು ನಾವಾಡುವ ಕನ್ನಡವನ್ನೆಲ್ಲ ಅರ್ಥಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಚಿಕ್ಕಂದಿನಿಂದಲೂ ಇಂಗ್ಲಿಷಿನಲ್ಲೇ.

"ಆರ್ ಯು ಗಿವಿಂಗ್ ಅಪ್, ಅಪ್ಪ?"

"ಸಾಕಾಗೇತಿ, ಪುಟ್ಟಿ," ಎಂದರು.

ಅವಳು ನನ್ನ ಕಡೆ ನೋಡಿದಳು. ನಾನು ಅವಳ ಪರವಾಗಿ ಮಾತಾಡುತ್ತೇನೆಂದು ಕಾದಳು. ನಾನು ಆಡಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವಿದ್ದ ಉಳಿದ ದಿನಗಳಲ್ಲಿ ಊಟ ತಿಂಡಿ ಎಲ್ಲ ಸರಿಯಾಗಿಯೇ ನಡೆಯಿತು, ಅಪ್ಪನ ಪಕ್ಕ ಕೂತು ಮಗುವನ್ನು ಆಡಿಸಿದಳು. ಆ ವಿಷಯ ಮಾತ್ರ ಯಾರೂ ಎತ್ತಲಿಲ್ಲ.

ಹಿಂತಿರುಗಿ ಬಂದು ಡಾಕ್ಟರಿಗೆ ತಿಳಿಸಿದೆವು. ಅವರು ತಡೆಯಲು ಪ್ರಯತ್ನಿಸಲಿಲ್ಲ, ನೋವಿಗೆ ಏನೇನು ಕೊಡುತ್ತೇವೆ ಎಂದು ವಿವರಿಸಿದರು. ಸೆಪ್ಟೆಂಬರ್ ಬರುವಷ್ಟರಲ್ಲಿ ಚಳಿಯ ಕಾಟ ಕಡಿಮೆಯಾಗುತ್ತಾ ಬಂತು. ಒಂದು ಮಧ್ಯಾಹ್ನ ನಾನು ಅಡುಗೆಮನೆಗೆ ಬಂದರೆ ಫ್ರಿಜ್ಜಿನ ಬಾಗಿಲು ತೆರೆದುಕೊಂಡು, ನೀರಿನ ಬಾಟಲಿ ಎತ್ತಿ ಗಟಗಟನೆ ಕುಡಿಯುತ್ತಿದ್ದರು. ಗಂಟಲು ಕಟ್ಟಲಿಲ್ಲ. ಅಂಗಿಯ ಮೇಲೆಲ್ಲ ನೀರು ಚೆಲ್ಲಿಕೊಂಡಿದ್ದರು. ಬೆರಳಿನ ಜೋಮು ಹೋಗಿರಲಿಲ್ಲ, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾಗಿತ್ತು. ಅಂಥ ಕೆಲವು ವಾರಗಳು ಸಿಕ್ಕವು. ಹಿತ್ತಲಿನಲ್ಲಿ ಬರಿಗಾಲಲ್ಲಿ ನಿಂತರು. ಒಂದು ದಿನ ಐಸ್‌ಕ್ರೀಂ ತಿಂದರು. ಅದು ಹೊಟ್ಟೆಗೆ ಒಗ್ಗಲಿಲ್ಲ.

ಅಕ್ಟೋಬರಿನಲ್ಲಿ ಕಣ್ಣು ಹಳದಿಯಾಯಿತು. ಮಗಳು ಮಗುವನ್ನು ಎತ್ತಿಕೊಂಡು ಬಂದಳು, ಅಷ್ಟರಲ್ಲಿ ಡಾಕ್ಟರುಗಳು ಅದಕ್ಕೆ ಪ್ರಯಾಣ ಮಾಡಬಹುದು ಎಂದಿದ್ದರು. ಅವಳು ಬಂದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಕೊನೆಯ ದಿನಗಳಲ್ಲಿ ಹೊದ್ದಿಸಿದ್ದನ್ನೆಲ್ಲ ಒದ್ದು ಕೆಳಗೆ ಹಾಕುತ್ತಿದ್ದರು, ಮೈ ಸುಡುತ್ತಿತ್ತು. ಮನೆಗೆ ಬರುತ್ತಿದ್ದ ನರ್ಸ್ ಒದ್ದೆಬಟ್ಟೆಯಿಂದ ಹಣೆ ಒರೆಸುವುದನ್ನು ನನಗೂ ಮಗಳಿಗೂ ತೋರಿಸಿಕೊಟ್ಟಳು. ಸರದಿಯ ಮೇಲೆ ಒರೆಸಿದೆವು. ಒಂದು ಬೆಳಿಗ್ಗೆ, ನಾನು ಮಗುವಿನ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದಾಗ, ಮಗಳೊಬ್ಬಳೇ ಹತ್ತಿರವಿದ್ದಾಗ, ಹೋದರು.

ಈಗ ನಾನು ಎಪ್ಪಿಂಗ್‌ಗೆ ವಿಮಾನದಲ್ಲಿ ಹೋಗುತ್ತೇನೆ. ಒಂದೂವರೆ ತಾಸಿನ ಹಾದಿ. ಮೊಮ್ಮಗನಿಗೆ ನಡೆಯಲು ಬರುತ್ತದೆ, ನನ್ನನ್ನು ಅಜ್ಜಿ ಎನ್ನುತ್ತಾನೆ. ಹೋದ ಸಲ ಅವನು ಮಲಗಿದ್ದಾಗ ಮಗಳು ಪಾತ್ರೆ ತೊಳೆಯುತ್ತಾ, ನನ್ನ ಮುಖ ನೋಡದೆ, ಅಪ್ಪ ಸಾಕೆಂದ ದಿನ ನೀನು ಯಾಕೆ ಏನೂ ಹೇಳಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಗೋಲ್ಬರ್ನಿನ ಲಾಂಡ್ರಿಯ ಕಥೆ ಅವಳಿಗೆ ನಾವು ಹೇಳಿರಲಿಲ್ಲ. ಆಲ್ಬರಿಯದ್ದೂ ಹೇಳಿರಲಿಲ್ಲ. ಅಂದು ಎರಡನ್ನೂ ಹೇಳಿದೆ. ಅವಳು ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ ಮತ್ತೆ ನಲ್ಲಿ ತಿರುಗಿಸಿ, ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಉಳಿದ ಪಾತ್ರೆಗಳನ್ನು ನಾನು ಒರೆಸಿಟ್ಟೆ.